ಯೊಆನಿನಾದಲ್ಲಿ ಒಂದು ರಾತ್ರಿ ಸಾಕಾ? ಗ್ರೀಸ್ ಬೆಟ್ಟಗಳ ನಡುವಿನ ಸರೋವರದ ಊರಿನ ಬಗ್ಗೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಗ್ರೀಸ್‌ಗೆ ಹೊರಟಿದ್ದೇವೆ. ಅಥೆನ್ಸ್‌ನಲ್ಲಿ ಮೂರು ದಿನ, ಮೆಟಿಯೋರಾದಲ್ಲಿ ಎರಡು ದಿನ, ಕೊನೆಗೆ ಕೊರ್ಫು ದ್ವೀಪ. ಮೆಟಿಯೋರಾದಿಂದ ಕೊರ್ಫುಗೆ ಹೋಗುವ ದಾರಿಯಲ್ಲಿ ಯೊಆನಿನಾ ಸಿಗುತ್ತದೆ. ಮ್ಯಾಪ್ ನೋಡಿದರೆ ಒಂದು ದೊಡ್ಡ ಸರೋವರ, ಅದರೊಳಗೆ ಮೂಗು ಚಾಚಿದ ಹಾಗೆ ಒಂದು ಕೋಟೆ, ನೀರಿನ ನಡುವೆ ಪುಟ್ಟ ದ್ವೀಪ, ಸುತ್ತಲೂ ಬೆಟ್ಟ. ನೋಡಿದ ಕೂಡಲೇ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಆದರೆ ಹೋಗಿ ಬಂದ ಗೆಳೆಯರೊಬ್ಬರು "ಅಲ್ಲೇನೂ ಇಲ್ಲ, ರಾತ್ರಿ ಮಲಗಿ ಬೆಳಗ್ಗೆ ಹೊರಟುಬಿಡಿ" ಅಂದರು.

ಒಂದು ರಾತ್ರಿ ಸಾಕಾ, ಎರಡು ಬೇಕಾ? ಅಮ್ಮನಿಗೆ 68 ವರ್ಷ, ಮಂಡಿನೋವು ಇದೆ, ಜಾಸ್ತಿ ಮೆಟ್ಟಿಲು ಆಗುವುದಿಲ್ಲ. ಮಾಂಸ, ಮೀನು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಕಾಲ್ನಡಿಗೆ:
ನಾನು ಜರ್ಮನಿಯಲ್ಲಿದ್ದೇನೆ. ಯೊಆನಿನಾಕ್ಕೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಿಮ್ಮ ಗೆಳೆಯರು ಹೇಳಿದ ಹಾಗೇ ಒಂದು ರಾತ್ರಿ ಇದ್ದು ಹೊರಟೆ. ಆ ಬೇಸರ ಹೋಗದೆ ಎರಡನೇ ಸಲ ನಾಲ್ಕು ದಿನ ಇದ್ದೆ. ನನ್ನ ಮಾತು ಇಷ್ಟೇ: ಎರಡು ರಾತ್ರಿ ಬೇಕೇ ಬೇಕು, ಮೂರಾದರೆ ಒಳ್ಳೆಯದು. ಮತ್ತೆ ಕೋಟೆಯ ಒಳಗೇ ಉಳಿದುಕೊಳ್ಳಿ.

ಯಾಕೆ ಅಂದರೆ ಈ ಕೋಟೆ ಟಿಕೆಟ್ ಕೊಟ್ಟು ನೋಡಿ ಬರುವ ಪಾಳುಕೋಟೆ ಅಲ್ಲ. ಒಳಗೆ ಇವತ್ತಿಗೂ ಜನ ವಾಸ ಇದ್ದಾರೆ. ಹೆಬ್ಬಾಗಿಲು ದಾಟಿದರೆ ಕಲ್ಲು ಹಾಸಿದ ಸಣ್ಣ ಓಣಿಗಳು, ಬಟ್ಟೆ ಒಣಗಿಹಾಕಿದ ಬಾಲ್ಕನಿಗಳು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿಯರು, ಎಲ್ಲೆಲ್ಲೂ ಬೆಕ್ಕುಗಳು. ಈಗ ಕಾಣುವ ಗೋಡೆಯ ಬಹುಪಾಲು ಅಲಿ ಪಾಷಾನ ಕಾಲದ್ದು, ಕೆಲಸ ಮುಗಿದದ್ದು 1815ರಲ್ಲಿ. ತಳಪಾಯ ಅದಕ್ಕಿಂತ ಎಷ್ಟೋ ಹಳೆಯದು. ಒಳಗೆ ಎರಡು ಎತ್ತರದ ಜಾಗಗಳಿವೆ. ಒಂದರ ಮೇಲೆ 1618ರ ಅಸ್ಲಾನ್ ಪಾಷಾ ಮಸೀದಿ ಇದೆ, ಈಗ ಅದು ನಗರಸಭೆಯ ವಸ್ತುಸಂಗ್ರಹಾಲಯ. ಇನ್ನೊಂದರ ಹೆಸರು ಇಟ್ಸ್ ಕಾಲೆ. ತುರ್ಕಿಯಲ್ಲಿ ಹಾಗಂದರೆ ನಮ್ಮ "ಒಳಕೋಟೆ". ಅಲ್ಲಿ ಫೆತಿಯೆ ಮಸೀದಿ ಇದೆ, ಪಕ್ಕದಲ್ಲಿ ಕಬ್ಬಿಣದ ಪಂಜರ ಹೊದಿಸಿದ ಅಲಿ ಪಾಷಾನ ಗೋರಿ ಇದೆ, ಬೈಜಾಂಟೈನ್ ಮ್ಯೂಸಿಯಂ ಇದೆ, ಒಂದು ಕಾಫಿ ಅಂಗಡಿಯೂ ಇದೆ. ಸಂಜೆ ಐದಕ್ಕೆ ಅಲ್ಲಿ ಹೋಗಿ ಕೂತರೆ ಎದುರಿಗೆ ಮಿತ್ಸಿಕೆಲಿ ಬೆಟ್ಟ ಬೂದಿ ಬಣ್ಣದಿಂದ ನೇರಳೆಗೆ ತಿರುಗುತ್ತದೆ, ಕೆಳಗೆ ನೀರು ಅದೇ ಬಣ್ಣ ಹಿಡಿಯುತ್ತದೆ. ಒಂದೇ ರಾತ್ರಿಗೆ ಬಂದವರು ಆ ಹೊತ್ತಿಗೆ ಹೋಟೆಲ್ ಹುಡುಕುತ್ತಿರುತ್ತಾರೆ, ನಾನೂ ಮೊದಲ ಸಲ ಅದನ್ನೇ ಮಾಡಿದ್ದು.

ಅಮ್ಮನ ಮಂಡಿ ಬಗ್ಗೆ: ಓಣಿಗಳಲ್ಲಿ ಏರು ಕಡಿಮೆ, ಆದರೆ ಕಲ್ಲುಹಾಸು ಉಬ್ಬುತಗ್ಗು. ಮಳೆ ಬಂದರೆ ಜಾರುತ್ತದೆ. ಒಳ್ಳೆ ಶೂ ಹಾಕಿಸಿ.

ಚಾರಣದ ಹುಚ್ಚು:
ನಾನು ಇದನ್ನು ಒಪ್ಪುವುದಿಲ್ಲ. ಊರು ಚೆನ್ನಾಗಿದೆ, ಇಲ್ಲ ಅನ್ನುತ್ತಿಲ್ಲ. ಆದರೆ ಅಷ್ಟು ದೂರ ಹೋಗಿ ಊರೊಳಗೇ ಮೂರು ದಿನ ಕೂರುವುದು ಸರಿಯಲ್ಲ. ಅಲ್ಲಿಂದ 40 ಕಿಲೋಮೀಟರ್ ಆಚೆ ಝಗೋರಿ ಇದೆ! 46 ಹಳ್ಳಿಗಳು, ಮನೆಗೋಡೆ ಕಲ್ಲು, ಸೂರಿಗೆ ಕಲ್ಲುಚಪ್ಪಡಿ, ಹಳ್ಳದ ಮೇಲೆ ಕಮಾನು ಸೇತುವೆಗಳು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದರ ನಡುವೆ ವೀಕೋಸ್ ಕಮರಿ. ಒಕ್ಸಿಯಾ ಅನ್ನುವ ಜಾಗದಿಂದ ಕೆಳಗೆ ನೋಡಿದರೆ ಮಾತು ನಿಂತುಹೋಗುತ್ತದೆ. ಕೆಳಗಿಳಿದು ನಡೆದರೆ ಇಡೀ ದಿನ ಬೇಕು, ವೊಯ್ದೊಮಾಟಿಸ್ ನದಿಯ ನೀರು ಅಷ್ಟು ತಿಳಿ, ಅಷ್ಟು ತಣ್ಣಗೆ, ಕಾಲಿಟ್ಟರೆ ಒಂದು ನಿಮಿಷ ತಡೆಯಲು ಆಗುವುದಿಲ್ಲ.

ಯೊಆನಿನಾ ಒಂದು ರಾತ್ರಿ, ಝಗೋರಿ ಎರಡು ರಾತ್ರಿ. ಇದು ನನ್ನ ಲೆಕ್ಕ.

ಕಾಲ್ನಡಿಗೆ:
ಝಗೋರಿ ಬಗ್ಗೆ ನೀವು ಹೇಳಿದ್ದೆಲ್ಲ ನಿಜ. ಆದರೆ ಕೇಳಿದವರ ಜೊತೆ ಮಂಡಿನೋವಿನ ಅಮ್ಮ ಇದ್ದಾರೆ, ಕಮರಿಗೆ ಇಳಿಯುವ ಮಾತೇ ಇಲ್ಲ ಅಲ್ವಾ. ಅವರಿಗೆ ಒಂದು ದಿನದ ಕಾರ್ ಸುತ್ತಾಟ ಸಾಕು: ಮೊನೊದೆಂದ್ರಿ ಹಳ್ಳಿ, ಅಲ್ಲಿಂದ ಒಕ್ಸಿಯಾ (ಕಾರು ಬಹಳ ಹತ್ತಿರದವರೆಗೆ ಹೋಗುತ್ತದೆ), ಬರುವಾಗ ಕೀಪಿ ಹಳ್ಳಿಯ ಹತ್ತಿರ ಮೂರು ಕಮಾನಿನ ಸೇತುವೆ. ಸಂಜೆಗೆ ಊರಿಗೆ ವಾಪಸ್.

ದ್ವೀಪದ ಬಗ್ಗೆಯೂ ಹೇಳಬೇಕು. ಅದಕ್ಕೆ ಬೇರೆ ಹೆಸರೇ ಇಲ್ಲ, ಎಲ್ಲರೂ "ನಿಸಿ" ಅನ್ನುತ್ತಾರೆ, ಅಂದರೆ ದ್ವೀಪ ಅಂತಲೇ. ಕೋಟೆಗೋಡೆಯ ಪಕ್ಕದಿಂದ ದೋಣಿ ಹೊರಡುತ್ತದೆ, ಹತ್ತು ನಿಮಿಷ. ಅಲ್ಲಿ ಕಾರುಗಳಿಲ್ಲ. ಹಳ್ಳಿ ದಾಟಿದರೆ ಜೊಂಡು, ಮರಗಳು, ಹಳೇ ಮಠಗಳು. ಫಿಲಾಂತ್ರೊಪಿನೊನ್ ಮಠವನ್ನು ಮಾತ್ರ ಬಿಡಬೇಡಿ. 13ನೇ ಶತಮಾನದ ಕೊನೆಯಲ್ಲಿ ಶುರುವಾದ ಮಠ, ಗೋಡೆಚಿತ್ರಗಳು 16ನೇ ಶತಮಾನದವು. ಒಳಗೆ ಹೋಗುವ ಪಡಸಾಲೆಯಲ್ಲಿ ಪ್ಲೇಟೊ, ಅರಿಸ್ಟಾಟಲ್, ಪ್ಲುಟಾರ್ಕ್, ಥುಸಿಡಿಡೀಸ್ ಇವರನ್ನೆಲ್ಲ ಬರೆದಿದ್ದಾರೆ. ಕ್ರೈಸ್ತರೇ ಅಲ್ಲದ ಹಳೇ ಗ್ರೀಕ್ ಪಂಡಿತರು ಒಂದು ಕ್ರೈಸ್ತ ಮಠದ ಗೋಡೆ ಮೇಲೆ! ತಲೆಯ ಸುತ್ತ ಪ್ರಭೆ ಇಲ್ಲ, ಗರ್ಭಗುಡಿಯ ಹತ್ತಿರವೂ ಇಲ್ಲ, ಆದರೆ ಬಾಗಿಲ ಬಳಿ ಮರ್ಯಾದೆಯಿಂದ ನಿಂತಿದ್ದಾರೆ. ಅಲ್ಲಿ ನಾನು ಬಹಳ ಹೊತ್ತು ನಿಂತಿದ್ದೆ.

ಬೀದರಿನವ:
ನಾನು ಬೀದರ್‌ನವನು, ನಮ್ಮ ಮನೆತನದಲ್ಲಿ ಬಿದರಿ ಕೆಲಸ ಇತ್ತು, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ಒಳಕೋಟೆಯ ಬುರುಜಿನ ಒಳಗೆ ಬೆಳ್ಳಿ ಕೆಲಸದ ಮ್ಯೂಸಿಯಂ ಇದೆ, 2016ರಲ್ಲಿ ತೆರೆದದ್ದು. ಯೊಆನಿನಾ ನೂರಾರು ವರ್ಷಗಳಿಂದ ಬೆಳ್ಳಿ ಕೆಲಸಕ್ಕೆ ಹೆಸರಾದ ಊರು. ಕೆಳಗಿನ ಅಂತಸ್ತಿನಲ್ಲಿ ಕೆಲಸ ಹೇಗೆ ಮಾಡುತ್ತಾರೆ ಅಂತ ತೋರಿಸುತ್ತಾರೆ: ತಂತಿ ಕುಸುರಿ, ತಗಡು ತಟ್ಟಿ ಉಬ್ಬು ಚಿತ್ರ ಎಬ್ಬಿಸುವುದು, ಎರಕ. ನನಗೆ ಕಾಲು ಕಿತ್ತಿಡಲು ಆಗದ ಹಾಗೆ ಮಾಡಿದ್ದು "ಸವಾತಿ" ಅನ್ನುವ ಕೆಲಸ.

ನಮ್ಮಲ್ಲಿ ಏನು ಮಾಡುತ್ತೇವೆ? ಸತು ಮತ್ತು ತಾಮ್ರದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತೇವೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರಿನಲ್ಲಿ ಕಾಯಿಸಿದರೆ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅವರದು ಇದರ ತಿರುಗುಮುರುಗು. ಬೆಳ್ಳಿಯ ಮೇಲೆ ಗೆರೆ ಕೊರೆಯುತ್ತಾರೆ, ಬೆಳ್ಳಿ, ತಾಮ್ರ, ಸೀಸ, ಗಂಧಕ ಸೇರಿಸಿ ಮಾಡಿದ ಕಪ್ಪು ಪುಡಿಯನ್ನು ಆ ಗೆರೆಗಳಲ್ಲಿ ತುಂಬಿ ಬೆಂಕಿಗೆ ಹಿಡಿಯುತ್ತಾರೆ. ನಮ್ಮದು ಕಪ್ಪಿನ ಮೇಲೆ ಬೆಳ್ಳಿ ಗೆರೆ, ಅವರದು ಬೆಳ್ಳಿಯ ಮೇಲೆ ಕಪ್ಪು ಗೆರೆ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನಮ್ಮ ಅಜ್ಜನ ಕೈ ನೆನಪಾಯಿತು. ಅವರು ಇದ್ದಿದ್ದರೆ ತೋರಿಸಬೇಕಿತ್ತು ಅನ್ನಿಸಿತು.

ಕೋಟೆಗೆ ಬರುವ ಅವೆರೋಫ್ ರಸ್ತೆಯಲ್ಲಿ ಬೆಳ್ಳಿ ಅಂಗಡಿಗಳು ಸಾಲಾಗಿ ಇವೆ. ಕೊಳ್ಳುವ ಮೊದಲು ಇದು ಇಲ್ಲೇ ಕೈಯಲ್ಲಿ ಮಾಡಿದ್ದಾ ಅಂತ ಕೇಳಿ, ಎಲ್ಲವೂ ಇಲ್ಲಿಯದಲ್ಲ. ಇನ್ನೊಂದು ವಿಷಯ, ಯೊಆನಿನಾ ಇರುವ ಎಪಿರಸ್ ನಾಡಿನ ಒಬ್ಬ ಬೆಳ್ಳಿ ಕೆಲಸಗಾರ ಸೊತಿರಿಯೋಸ್ ವುಲ್ಗಾರಿಸ್ ಇಟಲಿಗೆ ಹೋಗಿ 1884ರಲ್ಲಿ ರೋಮ್‌ನಲ್ಲಿ ಅಂಗಡಿ ಹಾಕಿದ. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಬುಲ್ಗಾರಿ ಅದೇ.

ಒಗ್ಗರಣೆ:
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ! ನಾನೂ ಮೊಟ್ಟೆ ತಿನ್ನುವುದಿಲ್ಲ, ಒಂದು ವಾರ ಅಲ್ಲಿ ಆರಾಮಾಗಿ ಇದ್ದೆ.

ಎಪಿರಸ್ ಅಂದರೆ ಪೀತಾಗಳ ನಾಡು. ನಾವು ಅಂಗಡಿಯಲ್ಲಿ ನೋಡುವ ರೊಟ್ಟಿಯಂಥ ಪೀತಾ ಅಲ್ಲ. ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಪದರಗಳ ನಡುವೆ ಪಾಲಕ್, ಕಾಡುಸೊಪ್ಪು, ಕುಂಬಳಕಾಯಿ ಏನಾದರೂ ತುಂಬಿ ದೊಡ್ಡ ತಟ್ಟೆಯಲ್ಲಿ ಬೇಯಿಸಿ ತುಂಡು ಮಾಡಿ ಕೊಡುತ್ತಾರೆ. ಸೊಪ್ಪಿನದಕ್ಕೆ ಹೊರ್ತೋಪಿತಾ ಅನ್ನುತ್ತಾರೆ. ಎಷ್ಟೋ ಕಡೆ ಒಳಗೆ ಮೊಟ್ಟೆ ಇರುತ್ತದೆ, ಅದಕ್ಕೆ "ಹೊರೀಸ್ ಅವ್ಗೊ" ಅಂತ ಕಲಿತುಕೊಳ್ಳಿ, ಮೊಟ್ಟೆ ಇಲ್ಲದೆ ಅಂತ ಅರ್ಥ. ಝಗೋರಿಯ ಹಿಟ್ಟಿನ ಪೀತಾ ಇದೆಯಲ್ಲ, ಅಲೆವ್ರೋಪಿತಾ, ಅದರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇದ್ದೇ ಇರುತ್ತದೆ.

ಇನ್ನೊಂದು ಬಹಳ ಉಪಯೋಗದ ಮಾತು "ನಿಸ್ತಿಸಿಮೊ". ಅವರ ಉಪವಾಸದ ದಿನದ ಅಡುಗೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಎಚ್ಚರ, ಸಿಗಡಿ, ಸ್ಕ್ವಿಡ್ ಇಂಥವು ಅವರ ಉಪವಾಸಕ್ಕೆ ನಡೆಯುತ್ತವೆ! ಅದನ್ನು ಬಿಡಿಸಿ ಕೇಳಬೇಕು. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆಯಂಥ ಕಾಳು ಇರುತ್ತದೆ, ಗೀಗಂದೆಸ್ ಅಂತ. ನನ್ನ ಅತ್ತೆ ಅದನ್ನು ಬ್ರೆಡ್ ಜೊತೆ ಮೂರು ದಿನ ಬೇಸರ ಇಲ್ಲದೆ ತಿಂದರು. ಮೆಣಸಿನಪುಡಿ, ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ, ಖಾರ ಅಲ್ಲಿ ಇಲ್ಲ.

ದ್ವೀಪದ ಹೋಟೆಲ್‌ಗಳ ಮುಂದೆ ನೀರಿನ ತೊಟ್ಟಿಗಳಲ್ಲಿ ಹಾವುಮೀನು, ಟ್ರೌಟ್ ಮೀನು ಎಲ್ಲ ಜೀವಂತ ಇಟ್ಟಿರುತ್ತಾರೆ, ಕಪ್ಪೆಕಾಲು ಅಲ್ಲಿಯ ಹೆಸರಾದ ತಿನಿಸು. ಅಮ್ಮನಿಗೆ ಅದನ್ನು ನೋಡಿ ಕಷ್ಟ ಆಗಬಹುದು. ಊಟ ಊರಿನಲ್ಲೇ ಮುಗಿಸಿ ದ್ವೀಪಕ್ಕೆ ಹೋಗಿ, ಅಲ್ಲಿ ಕಾಫಿ ಕುಡಿಯಿರಿ.

ಕೆರೆ ಕಾವಲು:
ನಾನು ಬೆಂಗಳೂರಿನಲ್ಲಿ ಕೆರೆಗಳ ಕೆಲಸ ಮಾಡುವವನು, ಹಾಗಾಗಿ ನೀರು ಕಂಡ ಕಡೆ "ಇದಕ್ಕೆ ಕೋಡಿ ಎಲ್ಲಿ?" ಅಂತ ಹುಡುಕುತ್ತೇನೆ. ಯೊಆನಿನಾದ ಈ ಸರೋವರದ ಹೆಸರು ಪಾಂವೊಟಿಡಾ. ಅದಕ್ಕೆ ಏರಿ ಕಟ್ಟಿದವರು ಯಾರೂ ಇಲ್ಲ, ಅದು ಬೆಟ್ಟಗಳ ನಡುವಿನ ತಟ್ಟೆಯಲ್ಲಿ ತಾನೇ ನಿಂತ ನೀರು, ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿ. ಹಿಂದೆ ನೀರು ಹೊರಗೆ ಹರಿಯುತ್ತಿದ್ದದ್ದು ನೆಲದೊಳಗೆ. ಸುತ್ತ ಸುಣ್ಣಕಲ್ಲಿನ ಬೆಟ್ಟ, ಅದರಲ್ಲಿ ನೀರು ಕೊರೆದ ಬಿಲಗಳು, ಆ ಬಿಲಗಳೇ ಇದರ ತೂಬು. ಈಗ ಕಾಲುವೆ ಮಾಡಿ ಕಲಾಮಾಸ್ ನದಿಯ ಕಡೆ ಬಿಡುತ್ತಾರೆ.

ದೂರದಿಂದ ಬಹಳ ಚೆಂದ, ಹತ್ತಿರ ಹೋದರೆ ಬೇಸಿಗೆಯಲ್ಲಿ ನೀರು ಹಸಿರು. ಹೊಲದ ಗೊಬ್ಬರ, ಊರಿನ ಕೊಳೆ ಎಷ್ಟೋ ವರ್ಷ ಸೇರಿ ಪಾಚಿ ಕಟ್ಟುತ್ತದೆ, ಆಳವೂ ಕಡಿಮೆ. ನಮ್ಮ ಬೆಳ್ಳಂದೂರು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಜಲು ಇಳಿಯಬೇಡಿ. ಆದರೂ ದಂಡೆಯುದ್ದಕ್ಕೂ ಊರಿನವರು ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ, ಮಕ್ಕಳು ದೋಣಿ ಹುಟ್ಟು ಹಾಕುವುದನ್ನು ಕಲಿಯುತ್ತಾರೆ. ನೀರಿಗೆ ಬೆನ್ನು ಹಾಕಿ ಬದುಕುತ್ತಿಲ್ಲ. ನನಗೆ ಅದು ಮುಖ್ಯ ಅನ್ನಿಸಿತು.

ತುಂಗಾತೀರ:
ಇಷ್ಟೆಲ್ಲ ಬರೆದಿದ್ದಕ್ಕೆ ಧನ್ಯವಾದ. ಇಬ್ಬರೂ ಕೂತು ಓದಿದೆವು. ಎರಡು ರಾತ್ರಿ ಅಂತೂ ಖಚಿತ. ಎರಡು ಪ್ರಶ್ನೆ. ಕಾರು ಬೇಕಾ, ಬಸ್ ಸಾಕಾ? ಮತ್ತೆ ಈ ಅಲಿ ಪಾಷಾ ಯಾರು? ಎಲ್ಲಿ ನೋಡಿದರೂ ಅವನ ಹೆಸರೇ ಇದೆ.

ಚಾರಣದ ಹುಚ್ಚು:
ಕಾರು. ಮೆಟಿಯೋರಾ ಕೆಳಗಿನ ಕಲಂಬಾಕಾದಿಂದ ದಿನಕ್ಕೆ ಕೆಲವೇ ಬಸ್, ಯೊಆನಿನಾಕ್ಕೆ ರೈಲು ಇಲ್ಲ. ಕಾರಿನಲ್ಲಿ ಎರಡು ಗಂಟೆಯೊಳಗೆ ಮುಟ್ಟುತ್ತೀರಿ, ಅರ್ಧ ದಾರಿ ಎಗ್ನಾತಿಯಾ ಹೆದ್ದಾರಿ, ಸುರಂಗದ ಮೇಲೆ ಸುರಂಗ. ನಡುವೆ ಮೆಟ್ಸೊವೊದಲ್ಲಿ ಇಳಿಯಿರಿ, 1,100 ಮೀಟರ್‌ಗಿಂತ ಎತ್ತರದ ಹಳ್ಳಿ, ಹೊಗೆ ಹಾಕಿದ ಚೀಸ್‌ಗೆ ಹೆಸರುವಾಸಿ. ಯೊಆನಿನಾದಿಂದ ಇಗುಮೆನಿಟ್ಸಾ ಬಂದರು ಒಂದು ಗಂಟೆ, ಅಲ್ಲಿಂದ ಕೊರ್ಫುಗೆ ಹಡಗು.

ಒಂದು ಎಚ್ಚರಿಕೆ. ಭಾರತದ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ನಾನು ಅದನ್ನು ಬ್ಯಾಗ್‌ನಲ್ಲಿ ಮರೆತು, ಬುಕ್ ಮಾಡಿದ ಕಾರನ್ನು ಅವರು ಕೊಡದೆ, ಕಟ್ಟಿದ ದುಡ್ಡೂ ವಾಪಸ್ ಬರದೆ ಅರ್ಧ ದಿನ ಹಾಳಾಯಿತು. ಆರ್‌ಟಿಒದಲ್ಲಿ ಮುಂಚೆಯೇ ಮಾಡಿಸಿಕೊಳ್ಳಿ.

ಕಾಲ್ನಡಿಗೆ:
ಅಲಿ ಪಾಷಾ ಅಲ್ಬೇನಿಯಾದ ತೆಪೆಲೆನಾದವನು. 1788ರಿಂದ 1822ರವರೆಗೆ ಯೊಆನಿನಾದಲ್ಲಿ ಕೂತು ಆಳಿದ. ಹೆಸರಿಗೆ ಒಟ್ಟೊಮನ್ ಸುಲ್ತಾನನ ಅಧಿಕಾರಿ, ನಿಜವಾಗಿ ತಾನೇ ರಾಜ. ಫ್ರಾನ್ಸ್, ಬ್ರಿಟನ್ ಎರಡೂ ಅವನ ಹತ್ತಿರ ದೂತರನ್ನು ಕಳಿಸುತ್ತಿದ್ದವು. ಕವಿ ಬೈರನ್ 1809ರಲ್ಲಿ ಬಂದು ಅವನನ್ನು ಭೇಟಿ ಮಾಡಿದ್ದ. ಅವನ ಕಾಲದಲ್ಲಿ ಊರು ಬೆಳೆಯಿತು, ವ್ಯಾಪಾರ, ಗ್ರೀಕ್ ಶಾಲೆಗಳು ಎಲ್ಲ ಹೆಚ್ಚಿದವು. ಅಷ್ಟೇ ಕ್ರೂರಿ. 1801ರ ಜನವರಿಯಲ್ಲಿ ಫ್ರೊಸಿನಿ ಎಂಬ ಹೆಂಗಸನ್ನು, ಅವಳ ಜೊತೆ ಹದಿನೈದಕ್ಕೂ ಹೆಚ್ಚು ಹೆಂಗಸರನ್ನು, ಇದೇ ಸರೋವರದಲ್ಲಿ ಮುಳುಗಿಸಿ ಕೊಲ್ಲಿಸಿದ. ಅವನ ಮಗನ ಜೊತೆ ಅವಳಿಗೆ ಸಂಬಂಧ ಇತ್ತು ಅನ್ನುವುದು ಕಾರಣ. ಜನ ಇವತ್ತಿಗೂ ಅವಳ ಮೇಲೆ ಹಾಡು ಹಾಡುತ್ತಾರೆ.

ಕೊನೆಗೆ ಸುಲ್ತಾನನೇ ಅವನ ಮೇಲೆ ಸೈನ್ಯ ಕಳಿಸಿದ. ದ್ವೀಪದ ಪಾಂಟೆಲೆಯ್ಮೊನ್ ಮಠದಲ್ಲಿ ಅಡಗಿದ್ದವನನ್ನು 1822ರಲ್ಲಿ ಕೊಂದರು. ಕೆಳಗಿನಿಂದ ಹಾರಿಸಿದ ಗುಂಡು ಮರದ ನೆಲ ತೂರಿ ಬಂತು ಅನ್ನುತ್ತಾರೆ, ಆ ತೂತುಗಳನ್ನು ತೋರಿಸುತ್ತಾರೆ. ತಲೆ ಇಸ್ತಾಂಬುಲ್‌ಗೆ ಹೋಯಿತು, ದೇಹ ಒಳಕೋಟೆಯ ಪಂಜರದ ಕೆಳಗಿದೆ.

ಆದರೆ ನನ್ನ ವಿನಂತಿ ಬೇರೆ. ಅಲಿ ಪಾಷಾನ ಕಥೆ ಎಲ್ಲ ಕಡೆ ಸಿಗುತ್ತದೆ, ನೀವು ಹುಡುಕಬೇಕಿಲ್ಲ. ಕೋಟೆಯ ಒಳಗೆ ಒಂದು ಹಳೇ ಸಿನಗಾಗ್ ಇದೆ, ಯಹೂದಿಗಳ ಪ್ರಾರ್ಥನೆ ಮನೆ, 1829ರದ್ದು. ಅದನ್ನು ಹುಡುಕಿ ಹೋಗಿ. ಈ ಊರಿನ ಯಹೂದಿಗಳು ಸ್ಪೇನ್‌ನಿಂದ ಬಂದವರಲ್ಲ. ಅವರನ್ನು ರೊಮಾನಿಯೋಟ್ ಅನ್ನುತ್ತಾರೆ, ಬಹಳ ಹಿಂದಿನಿಂದ ಗ್ರೀಕ್ ಮಾತಾಡಿಕೊಂಡೇ ಇದ್ದವರು. 1944ರ ಮಾರ್ಚ್ 25ರಂದು, ಗ್ರೀಸ್‌ನ ರಾಷ್ಟ್ರೀಯ ಹಬ್ಬದ ದಿನ, ಚಳಿಯಲ್ಲಿ, ಜರ್ಮನ್ನರು ಸುಮಾರು 1,860 ಜನರನ್ನು ಮನೆಗಳಿಂದ ಎಬ್ಬಿಸಿ ಲಾರಿಗೆ ತುಂಬಿದರು. ಲಾರಿಸಾವರೆಗೆ ಲಾರಿ, ಅಲ್ಲಿಂದ ರೈಲು, ಕೊನೆಗೆ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್. ವಾಪಸ್ ಬಂದವರು ಬಹಳ ಕಡಿಮೆ. ಸತ್ತವರ ಹೆಸರುಗಳನ್ನು ಒಳಗೆ ಗೋಡೆಯ ಅಮೃತಶಿಲೆಯ ಮೇಲೆ ಕೆತ್ತಿದ್ದಾರೆ. 1920ರ ದಶಕದಲ್ಲಿ ಗ್ರೀಸ್ ಮತ್ತು ತುರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ ಮುಸ್ಲಿಮರೂ ಹೋದರು. ಒಂದೇ ಕೋಟೆಯಲ್ಲಿ ಮೂರು ಧರ್ಮದವರು ನೂರಾರು ವರ್ಷ ಅಕ್ಕಪಕ್ಕ ಇದ್ದರು, ಇಪ್ಪತ್ತೈದು ವರ್ಷಗಳ ಒಳಗೆ ಅದು ಮುಗಿದುಹೋಯಿತು. ಓಣಿಯಲ್ಲಿ ನಡೆಯುವಾಗ ಇದು ಗೊತ್ತಿದ್ದರೆ ಆ ಮನೆಗಳೇ ಬೇರೆ ಥರ ಕಾಣುತ್ತವೆ. 2019ರಲ್ಲಿ ಇದೇ ಊರು ಮೊಯ್ಸಿಸ್ ಎಲಿಸಾಫ್ ಅವರನ್ನು ಮೇಯರ್ ಆಗಿ ಆರಿಸಿತು, ಗ್ರೀಸ್‌ನ ಮೊದಲ ಯಹೂದಿ ಮೇಯರ್. ಅವರು 2023ರಲ್ಲಿ ತೀರಿಕೊಂಡರು.

ಸಿನಗಾಗ್ ಯಾವಾಗಲೂ ತೆರೆದಿರುವುದಿಲ್ಲ, ಮುಂಚೆ ಕೇಳಿಕೊಂಡು ಹೋಗಬೇಕು.

ಲಾವಣಿ:
ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಫ್ರೊಸಿನಿ ವಿಷಯ ಓದಿ ಇನ್ನೊಂದು ನೆನಪಾಯಿತು. ಯೊಆನಿನಾದಿಂದ ದಕ್ಷಿಣಕ್ಕೆ ಒಂದು ಗಂಟೆ ಹೋದರೆ ಆರ್ತಾ ಅಂತ ಊರು, ಅಲ್ಲಿ ನದಿಗೆ ಹಳೇ ಕಲ್ಲಿನ ಸೇತುವೆ ಇದೆ. ಅದರ ಮೇಲೆ ಒಂದು ಜನಪದ ಹಾಡು ಇದೆ. 45 ಮೇಸ್ತ್ರಿಗಳು, 60 ಶಿಷ್ಯರು ಹಗಲೆಲ್ಲ ಕಟ್ಟುತ್ತಾರೆ, ರಾತ್ರಿ ಬಿದ್ದುಹೋಗುತ್ತದೆ. ಒಂದು ಹಕ್ಕಿ ಬಂದು ಮನುಷ್ಯರ ದನಿಯಲ್ಲಿ ಹೇಳುತ್ತದೆ, ಹಿರಿಯ ಮೇಸ್ತ್ರಿಯ ಹೆಂಡತಿಯನ್ನು ಬಲಿ ಕೊಡದೆ ಸೇತುವೆ ನಿಲ್ಲುವುದಿಲ್ಲ ಅಂತ. ಅವಳನ್ನು ಕರೆಸುತ್ತಾರೆ. ಉಂಗುರ ಕೆಳಗೆ ಬಿದ್ದಿದೆ, ತೆಗೆದುಕೊಡು ಅನ್ನುತ್ತಾರೆ. ಇಳಿದವಳ ಮೇಲೆ ಕಲ್ಲು ಹಾಕುತ್ತಾರೆ.

ನಮ್ಮ "ಕೆರೆಗೆ ಹಾರ" ಕೇಳಿ ಬೆಳೆದವರಿಗೆ ಇದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಲ್ಲನಕೇರಿಯ ಕೆರೆಗೆ ನೀರು ಬಾರದು, ಕಿರಿಸೊಸೆ ಭಾಗೀರಥಿ ಹಾರ ಆಗಬೇಕು. ಅಲ್ಲಿ ಸೇತುವೆ, ಇಲ್ಲಿ ಕೆರೆ. ಅಲ್ಲಿ ಉಂಗುರ ತರಲು ಇಳಿದಳು, ಇಲ್ಲಿ ಮರೆತುಬಂದ ಬಂಗಾರದ ಬಟ್ಟಲು ತರಲು ವಾಪಸ್ ಹೋದಳು. ಒಂದೇ ವ್ಯತ್ಯಾಸ, ನಮ್ಮ ಭಾಗೀರಥಿಗೆ ಮೊದಲೇ ಗೊತ್ತಿತ್ತು. ನಾನು ಆ ಸೇತುವೆಯ ಮೇಲೆ ನಿಂತು ನಮ್ಮ ಹಾಡನ್ನು ಮೆಲ್ಲಗೆ ಹೇಳಿಕೊಂಡೆ. ಸಮಯ ಇದ್ದರೆ ಹೋಗಿ ಬನ್ನಿ.

ಚಾರಣದ ಹುಚ್ಚು:
ಇಷ್ಟು ಓದಿದ ಮೇಲೆ ನಾನೂ ಸ್ವಲ್ಪ ಮೆತ್ತಗಾದೆ. ಎರಡು ರಾತ್ರಿ ಯೊಆನಿನಾಕ್ಕೆ ಕೊಡಿ, ಒಂದು ದಿನ ಝಗೋರಿಗೆ. ಜೊತೆಗೆ ದೊದೋನಿ ಬಿಡಬೇಡಿ, ಊರಿನಿಂದ 22 ಕಿಲೋಮೀಟರ್. ಹಳೇ ಗ್ರೀಕರು ತಮ್ಮ ದೇವರಾದ ಜ್ಯೂಸ್‌ನನ್ನು (Zeus) ಪ್ರಶ್ನೆ ಕೇಳುತ್ತಿದ್ದ ಜಾಗ. ಓಕ್ ಮರದ ಎಲೆ ಅಲ್ಲಾಡುವ ಸದ್ದಿನಲ್ಲಿ ದೇವರ ಉತ್ತರ ಇರುತ್ತದೆ ಅಂತ ನಂಬಿದ್ದರು. ಜನ ತಮ್ಮ ಪ್ರಶ್ನೆಯನ್ನು ಸೀಸದ ತಗಡಿನ ಮೇಲೆ ಗೀರಿ ಕೊಡುತ್ತಿದ್ದರು, ಅಂಥ ಸಾವಿರಾರು ತಗಡುಗಳು ಸಿಕ್ಕಿವೆ. ಯುದ್ಧದ ಪ್ರಶ್ನೆ, ರಾಜ್ಯದ ಪ್ರಶ್ನೆ ಕಡಿಮೆ, ಮನೆಯ ಪ್ರಶ್ನೆ ಜಾಸ್ತಿ. ಒಬ್ಬ ಕೇಳುತ್ತಾನೆ, ನನ್ನ ಕಂಬಳಿ, ದಿಂಬು ಕಳೆದಿವೆ, ಹೊರಗಿನವರು ಯಾರಾದರೂ ಕದ್ದರಾ ಅಂತ. ಇನ್ನೊಬ್ಬ ಕೇಳುತ್ತಾನೆ, ಅವಳ ಹೊಟ್ಟೆಯಲ್ಲಿರುವ ಮಗು ನನ್ನದೇನಾ ಅಂತ. ನಮ್ಮೂರ ಗುಡಿಯಲ್ಲಿ ಹೂಪ್ರಸಾದ ಕೇಳಲು ಕೂತವರ ಮುಖ ಕಣ್ಣಮುಂದೆ ಬಂತು. ತಗಡುಗಳನ್ನು ನೋಡಲು ಯೊಆನಿನಾದ ಪುರಾತತ್ವ ಮ್ಯೂಸಿಯಂಗೆ ಹೋಗಬೇಕು, ದೊದೋನಿಯಲ್ಲಿ ಇರುವುದು ದೊಡ್ಡ ರಂಗಮಂದಿರ, ಅಡಿಪಾಯಗಳು, ಒಂದು ಓಕ್ ಮರ. ಈ ಮರ ಆಮೇಲೆ ನೆಟ್ಟದ್ದು.

ಪೆರಾಮಾ ಗುಹೆ ಅಮ್ಮನಿಗೆ ಬೇಡ. 1940ರಲ್ಲಿ ಬಾಂಬ್ ದಾಳಿಗೆ ಅಡಗಲು ಜಾಗ ಹುಡುಕುತ್ತಿದ್ದ ಊರಿನವರಿಗೆ ಸಿಕ್ಕಿದ ಗುಹೆ, ಬಹಳ ಚೆಂದ ಇದೆ, ಆದರೆ ಕೊನೆಯಲ್ಲಿ ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹೊರಗೆ ಬರಬೇಕು.

ತುಂಗಾತೀರ:
ಹೋಗಿ ಬಂದೆವು. ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಎರಡು ರಾತ್ರಿ ಅಂತ ಹೋಗಿ ಮೂರು ರಾತ್ರಿ ಇದ್ದೆವು, ಕೊರ್ಫುವಿನಲ್ಲಿ ಒಂದು ದಿನ ಕಡಿಮೆ ಮಾಡಿದೆವು. ಕೋಟೆಯ ಒಳಗೆ ಒಂದು ಸಣ್ಣ ಮನೆ ಸಿಕ್ಕಿತು. ಮೊದಲ ಬೆಳಗ್ಗೆ ಕಿಟಕಿ ತೆಗೆದರೆ ಸರೋವರವೇ ಇಲ್ಲ, ಬರೀ ಮಂಜು. ಅಮ್ಮ "ನಮ್ಮ ಕೊಪ್ಪದ ಹಾಗೇ ಇದೆಯಲ್ಲೋ" ಅಂದರು. ಒಂಬತ್ತು ಗಂಟೆಗೆ ಮಂಜು ಹರಿದು ಮೊದಲು ಬೆಟ್ಟದ ತುದಿ, ಆಮೇಲೆ ದ್ವೀಪ, ಕೊನೆಗೆ ನೀರು ಕಂಡಿತು. ಮೂರು ದಿನದಲ್ಲಿ ಎರಡು ದಿನ ಮಳೆ. ಶೂ ವಿಷಯ ಹೇಳಿದ್ದು ಉಪಕಾರ ಆಯಿತು.

ದ್ವೀಪದಲ್ಲಿ ಅಮ್ಮ ಚೆನ್ನಾಗಿ ನಡೆದರು. ಮಠದ ಪಡಸಾಲೆಯಲ್ಲಿ ಪ್ಲೇಟೊ ಯಾರು ಅಂತ ಕೇಳಿದರು. ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. "ಇವರ ಧರ್ಮಕ್ಕಿಂತ ಹಿಂದಿನವರಾ? ಆದರೂ ಒಳಗೆ ಸೇರಿಸಿಕೊಂಡಿದ್ದಾರಲ್ಲ" ಅಂತ ಹೇಳಿ ಕೈ ಮುಗಿದರು. ನೋಡಿಕೊಳ್ಳುವ ಹೆಂಗಸು ನಕ್ಕು ಅಮ್ಮನಿಗೆ ಒಂದು ಕುರ್ಚಿ ತಂದುಕೊಟ್ಟಳು.

ಸಿನಗಾಗ್‌ಗೆ ಹತ್ತು ದಿನ ಮುಂಚೆಯೇ ಪತ್ರ ಬರೆದಿದ್ದೆ, ಬಾಗಿಲು ತೆಗೆದು ತೋರಿಸಿದರು. ನಾವು ಮೂವರೇ. ಹೆಸರುಗಳನ್ನು ಓದಲು ನಮಗೆ ಬರುವುದಿಲ್ಲ. ತೋರಿಸಿದವರು ಒಂದೇ ಮನೆಯವರ ಹೆಸರುಗಳು ಎಲ್ಲಿಂದ ಎಲ್ಲಿಯವರೆಗೆ ಅಂತ ಬೆರಳಿಟ್ಟು ತೋರಿಸಿದರು. ಅಜ್ಜಿ, ಮಗ, ಸೊಸೆ, ನಾಲ್ಕು ಮಕ್ಕಳು. ನನ್ನ ಹೆಂಡತಿ ಹೊರಗೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಆ ಸಂಜೆ ನಾವು ಎಲ್ಲಿಗೂ ಹೋಗಲಿಲ್ಲ, ದಂಡೆಯ ಬೆಂಚಿನ ಮೇಲೆ ಕೂತಿದ್ದೆವು.

ಬೀದರಿನವರೇ, ಸವಾತಿಯ ಒಂದು ಸಣ್ಣ ಡಬ್ಬಿ ತಂದಿದ್ದೇನೆ. ಮನೆಯಲ್ಲಿ ಅಜ್ಜಿಯ ಕಾಲದ ಬಿದರಿ ಹೂದಾನಿ ಇತ್ತು, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಒಗ್ಗರಣೆಯವರೇ, "ಹೊರೀಸ್ ಅವ್ಗೊ" ಅಮ್ಮನ ಬಾಯಿಗೆ ಬಂದುಬಿಟ್ಟಿದೆ. ಆರ್ತಾಕ್ಕೆ ಹೋಗಲು ಆಗಲಿಲ್ಲ, ಝಗೋರಿಯಲ್ಲಿ ಮಳೆ ಜೋರು, ಒಕ್ಸಿಯಾದಿಂದ ಬರೀ ಬಿಳಿ ಮೋಡ. ಕಮರಿ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು.

ಬೀದರಿನವ:
ಎರಡರ ಫೋಟೊ ಹಾಕಿ ದಯವಿಟ್ಟು. ಡಬ್ಬಿಯನ್ನು ಹುಣಸೆಹುಳಿ ಹಾಕಿ ಉಜ್ಜಬೇಡಿ, ಕಪ್ಪು ಗೆರೆ ಮಾಸುತ್ತದೆ. ಮೆತ್ತನೆ ಒಣಬಟ್ಟೆ ಸಾಕು.

ಹೊಸಬ:
ತಡವಾಗಿ ಕೇಳುತ್ತಿದ್ದೇನೆ. ಡಿಸೆಂಬರ್ ಕೊನೆಯಲ್ಲಿ ಹೋಗಬಹುದಾ? ಆಗ ದ್ವೀಪಕ್ಕೆ ದೋಣಿ ಇರುತ್ತದಾ?

ಕಾಲ್ನಡಿಗೆ:
ದೋಣಿ ವರ್ಷವಿಡೀ ಇದೆ, ದ್ವೀಪದಲ್ಲಿ ಜನ ವಾಸ ಇದ್ದಾರಲ್ಲ. ಚಳಿಗಾಲದಲ್ಲಿ ಓಡಾಟ ಕಡಿಮೆ, ಹೋಗುವಾಗಲೇ ಕೊನೇ ದೋಣಿ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ನವೆಂಬರ್, ಡಿಸೆಂಬರ್ ಅಲ್ಲಿ ಮಳೆ ಜಾಸ್ತಿ ಇರುವ ತಿಂಗಳು, ಬೆಟ್ಟದ ಮೇಲೆ ಹಿಮ ಇರುತ್ತದೆ. ಝಗೋರಿಗೆ ಹೋಗುವುದಾದರೆ ಕಾರಿನಲ್ಲಿ ಚಕ್ರದ ಸರಪಳಿ ಇದೆಯಾ ನೋಡಿ. ಮತ್ತೆ ಕೋಟೆಯ ಒಳಗೇ ಉಳಿಯಿರಿ.